ಪಾಸ್ಕಲ್ ತ್ರಿಕೋನ ಬರೆದು ನೋಡುವ ಕ್ರಮ: ಒಬ್ಬ ಕನ್ನಡ ಮಾಷ್ಟ್ರ ಲೆಕ್ಕ

ಮೊದಲು ಸಾಮಾನು ಹೊಂದಿಸಿಕೊಳ್ಳಿ. ಚೌಕಳಿ ಗೆರೆಯ ಗಣಿತ ಪುಸ್ತಕದ ಎರಡು ಹಾಳೆ, ಗೋಂದು, ಪೆನ್ಸಿಲ್, ರಬ್ಬರ್, ಒಂದು ಬಣ್ಣದ ಪೆನ್ಸಿಲ್. ಕ್ಯಾಲ್ಕುಲೇಟರ್ ಬೇಡ. ಮೊಬೈಲ್ ಅಂತೂ ಬೇಡವೇ ಬೇಡ. ಎರಡು ಹಾಳೆಗಳನ್ನು ಅಡ್ಡಕ್ಕೆ ಜೋಡಿಸಿ ಅಂಟಿಸಿ. ನಾವು 0ಯಿಂದ 15ರವರೆಗೆ ಹದಿನಾರು ಸಾಲು ಬರೆಯಲಿದ್ದೇವೆ. ಕೊನೆಯ ಸಾಲಿಗೆ 31 ಚೌಕ ಅಗಲ ಬೇಕು.

ನಾನು ಗಣಿತದವನಲ್ಲ. ಉಡುಪಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಛಂದಸ್ಸು ನನಗೆ ಇಷ್ಟದ ಪಾಠ, ಮಕ್ಕಳಿಗೆ ಕಂಡರಾಗದ ಪಾಠ. ಪದ್ಯದ ಲಘು ಗುರು, ಅಂದರೆ ಗಿಡ್ಡ ಅಕ್ಷರ ಉದ್ದ ಅಕ್ಷರ, ಎಣಿಸುತ್ತಾ ಎಣಿಸುತ್ತಾ ನಾನು ಈ ತ್ರಿಕೋನಕ್ಕೆ ಬಂದು ಮುಟ್ಟಿದೆ. ಈಗ ಮಳೆಗೆ ಡಿಸಿ ರಜೆ ಕೊಟ್ಟ ದಿನ ಕುಂಜಿಬೆಟ್ಟಿನ ನಮ್ಮ ಮನೆಯ ಜಗಲಿಯಲ್ಲಿ ಅಕ್ಕಪಕ್ಕದ ಮಕ್ಕಳನ್ನು ಕೂರಿಸಿ ಇದನ್ನು ಬರೆಸುತ್ತೇನೆ. ಕರೆಂಟ್ ಹೇಗೂ ಇರುವುದಿಲ್ಲ, ಟಿವಿ ಕಾಟ ಇಲ್ಲ.

ನನ್ನ ಕ್ರಮದಲ್ಲಿ ಒಂದೇ ಹಟ ಉಂಟು. ತ್ರಿಕೋನದ ಪ್ರತಿ ಸಂಖ್ಯೆಯೂ ಯಾವುದನ್ನೋ ಎಣಿಸಿದ ಲೆಕ್ಕ. ಏನಾದರೂ ಚಂದದ ವಿನ್ಯಾಸ ಕಂಡ ಕೂಡಲೇ "ಇಲ್ಲಿ ಎಣಿಸಿದ್ದು ಏನನ್ನು?" ಎಂದು ಕೇಳಬೇಕು. ಹಾಗೆ ಕೇಳಿದರೆ ಯಾವುದನ್ನೂ ಬಾಯಿಪಾಠ ಮಾಡಬೇಕಾಗಿಲ್ಲ.

ಬರೆಯುವುದು

ಹಾಳೆಯ ಮೇಲೆ ನಡುವಿನ ಚೌಕದಲ್ಲಿ 1 ಬರೆಯಿರಿ. ಇದು ಸೊನ್ನೆಯ ಸಾಲು. ಒಂದನೆಯ ಸಾಲು ಎಂದು ಕರೆದರೆ ಮುಂದೆ ಎಲ್ಲ ಲೆಕ್ಕವೂ ಒಂದೊಂದು ಹೆಚ್ಚುಕಡಿಮೆ ಆಗುತ್ತದೆ. ಅದರ ಕೆಳಗಿನ ಗೆರೆಯಲ್ಲಿ, ಆ 1ರ ಎಡಕ್ಕೊಂದು ಬಲಕ್ಕೊಂದು ಚೌಕದಲ್ಲಿ 1, 1. ನಡುವಿನ ಚೌಕ ಖಾಲಿ ಬಿಡಿ. ಇಲ್ಲಿಂದ ಮುಂದೆ ಒಂದೇ ನಿಯಮ: ಒಂದು ಬಿಟ್ಟು ಒಂದು ಚೌಕದಲ್ಲಿ ಬರೆಯುತ್ತಾ ಹೋಗಿ, ಎರಡು ಅಂಚಿಗೂ 1 ಹಾಕಿ, ಒಳಗಿನ ಪ್ರತಿ ಚೌಕಕ್ಕೆ ಮೇಲಿನ ಎಡ ಬಲ ಎರಡನ್ನು ಕೂಡಿಸಿ ಬರೆಯಿರಿ.

1
1 1
1 2 1
1 3 3 1
1 4 6 4 1
1 5 10 10 5 1
1 6 15 20 15 6 1

ಹತ್ತನೆಯ ಸಾಲಿನ ಆಚೆ ಮೂರು, ನಾಲ್ಕು ಅಂಕಿಯ ಸಂಖ್ಯೆಗಳು ಬರುತ್ತವೆ. ಪಕ್ಕದ ಖಾಲಿ ಚೌಕದೊಳಗೂ ಸ್ವಲ್ಪ ಹೋಗಲಿ, ತೊಂದರೆ ಇಲ್ಲ. ಎಡದ ಅರ್ಧವೂ ಬಲದ ಅರ್ಧವೂ ಒಂದೇ. ಹಾಗಂತ ಬಲದ್ದನ್ನು ನೋಡಿ ಇಳಿಸಬೇಡಿ, ಕೂಡಿಸಿಯೇ ಬರೆಯಿರಿ. ಎರಡು ಕಡೆಯೂ ತಾಳೆಯಾದರೆ ಲೆಕ್ಕ ಸರಿ ಎಂದು ತಿಳಿಯುತ್ತದೆ. ಇನ್ನೊಂದು ತಾಳೆ, ಸಾಲಿನ ಮೊತ್ತ. ಅದು 1, 2, 4, 8, 16 ಹೀಗೆ ದುಪ್ಪಟ್ಟು ಆಗುತ್ತಾ ಹೋಗಬೇಕು. ಹದಿನೈದನೆಯ ಸಾಲಿನ ಮೊತ್ತ 32768. ಬಾರದಿದ್ದರೆ ರಬ್ಬರ್ ತೆಗೆದುಕೊಳ್ಳಿ.

ದೂರದ ಒಂದು ಸಾಲು ಮಾತ್ರ ಬೇಕು, ಮೇಲಿನದ್ದೆಲ್ಲ ಬರೆಯಲು ಸಮಯವಿಲ್ಲ ಎಂದಾದರೆ ಅದಕ್ಕೂ ದಾರಿ ಉಂಟು. ಹದಿನೈದನೆಯ ಸಾಲು ಬೇಕೆಂದಿಟ್ಟುಕೊಳ್ಳಿ. 1ರಿಂದ ಶುರು. ಅದನ್ನು 15ರಿಂದ ಗುಣಿಸಿ 1ರಿಂದ ಭಾಗಿಸಿ: 15. ಅದನ್ನು 14ರಿಂದ ಗುಣಿಸಿ 2ರಿಂದ ಭಾಗಿಸಿ: 105. ಮತ್ತೆ 13ರಿಂದ ಗುಣಿಸಿ 3ರಿಂದ ಭಾಗಿಸಿ: 455. ಹೀಗೇ 1365, 3003, 5005, 6435. ಗುಣಿಸುವುದು ಇಳಿಯುತ್ತಾ ಹೋಗುತ್ತದೆ, ಭಾಗಿಸುವುದು ಏರುತ್ತಾ ಹೋಗುತ್ತದೆ. ಈ ಇಳಿಕೆ ಏರಿಕೆಯ ನಿಯಮವನ್ನು ಒಂಬತ್ತನೆಯ ಶತಮಾನದಲ್ಲೇ 'ಗಣಿತಸಾರಸಂಗ್ರಹ'ದಲ್ಲಿ ಹೇಳಿದವನು ಜೈನ ಗಣಿತಜ್ಞ ಮಹಾವೀರಾಚಾರ್ಯ. ಅಮೋಘವರ್ಷ ನೃಪತುಂಗನ ಕಾಲದವನು. ನೃಪತುಂಗ ಎಂದರೆ 'ಕವಿರಾಜಮಾರ್ಗ' ಮಾತ್ರ ನೆನಪಿಗೆ ಬರುವ ನಮ್ಮಂಥ ಕನ್ನಡ ಮಾಷ್ಟ್ರುಗಳಿಗೆ ಇದು ಕುಶಿಯ ಸಂಗತಿ.

ಎಣಿಸಿದ್ದು ಏನನ್ನು?

ಮೂರನೆಯ ಸಾಲನ್ನು ನೋಡಿ: 1 3 3 1. ಇದು ನಿಮಗೆ ಒಂಬತ್ತನೆಯ ಕ್ಲಾಸಿನಿಂದಲೇ ಗೊತ್ತು. ಅಕ್ಷರಗಣ ಎಂಟು ಅಲ್ವಾ? ಮೂರೂ ಗುರು ಇದ್ದರೆ ಮ ಗಣ, ಅದು ಒಂದೇ. ಎರಡು ಗುರು ಒಂದು ಲಘು ಇದ್ದರೆ ಯ, ರ, ತ, ಹೀಗೆ ಮೂರು. ಒಂದು ಗುರು ಎರಡು ಲಘು ಇದ್ದರೆ ಭ, ಜ, ಸ, ಇವೂ ಮೂರು. ಗುರುವೇ ಇಲ್ಲದ್ದು ನ ಗಣ, ಅದೂ ಒಂದೇ. 1 3 3 1. ಮೂರು ಅಕ್ಷರದ ಜಾಗದಲ್ಲಿ ಗುರು ಎಲ್ಲೆಲ್ಲಿ ಕೂರಬಹುದು ಎಂದು ಎಣಿಸಿದರೆ ಬರುವ ಸಾಲು ಇದು. ಒಟ್ಟು ಯಾಕೆ ಎಂಟು? ಪ್ರತಿ ಜಾಗಕ್ಕೂ ಲಘು ಅಥವಾ ಗುರು, ಎರಡೇ ದಾರಿ. ಎರಡು ಸಲ ಎರಡು ಸಲ ಎರಡು. ಸಾಲಿನ ಮೊತ್ತ ದುಪ್ಪಟ್ಟಾಗುವ ಗುಟ್ಟು ಇಷ್ಟೇ.

ಈ ತ್ರಿಕೋನ ನಮ್ಮಲ್ಲಿ ಹುಟ್ಟಿದ್ದೂ ಛಂದಸ್ಸಿನಿಂದಲೇ. ಪಿಂಗಳನ ಛಂದಸ್ಸೂತ್ರಕ್ಕೆ ಹತ್ತನೆಯ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧ ಇದನ್ನು 'ಮೇರುಪ್ರಸ್ತಾರ' ಎಂದು ಕರೆದು, ಚೌಕ ಹಾಕಿ ಮೇಲಿನೆರಡನ್ನು ಕೂಡಿಸಿ ಬರೆಯುವ ಕ್ರಮವನ್ನೇ ವಿವರಿಸಿದ್ದಾನೆ. ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಇದರ ಬಗ್ಗೆ ಬರೆದದ್ದು 1654ರ ಹೊತ್ತಿಗೆ. ಅದು ಅಚ್ಚಾದದ್ದು 1665ರಲ್ಲಿ, ಅವನು ತೀರಿಕೊಂಡ ಮೇಲೆ. ಚೀನಾದಲ್ಲೂ ಪರ್ಷಿಯಾದಲ್ಲೂ ಅವನಿಗಿಂತ ಮೊದಲೇ ಗೊತ್ತಿತ್ತು. ಹೆಸರಿಗೆ ಜಗಳ ಬೇಡ. ಶಾಲೆಯ ಪುಸ್ತಕದಲ್ಲಿ ಪಾಸ್ಕಲ್ ಎಂದಿದೆ, ನಾನೂ ಹಾಗೇ ಹೇಳುತ್ತೇನೆ.

ಛಂದಸ್ಸು ಎಂದರೆ ಮುಖ ಸಿಂಡರಿಸುವ ಮಕ್ಕಳಿಗೆ ಗಡ್‌ಬಡ್ ಹೇಳಬೇಕು. ಐಸ್‌ಕ್ರೀಂ ಅಂಗಡಿಯಲ್ಲಿ ಐದು ಬಗೆ ಉಂಟು: ವೆನಿಲ್ಲಾ, ಸ್ಟ್ರಾಬೆರಿ, ಪಿಸ್ತಾ, ಮ್ಯಾಂಗೋ, ಚಾಕಲೇಟ್. ಗಡ್‌ಬಡ್‌ಗೆ ಬೇರೆ ಬೇರೆ ಮೂರು ಬಗೆ ಆರಿಸಬೇಕು. ಎಷ್ಟು ಥರ ಆರಿಸಬಹುದು? ಐದನೆಯ ಸಾಲಿಗೆ ಹೋಗಿ. ಅಂಚಿನ 1 ಎಂದರೆ ಏನೂ ಆರಿಸದೆ ಎದ್ದು ಬಂದದ್ದು. ಮುಂದಿನ 5, ಒಂದೇ ಬಗೆ ಆರಿಸಿದ್ದು. ಅದರ ಮುಂದಿನ 10, ಎರಡು ಬಗೆ. ಮತ್ತೊಂದು 10, ಮೂರು ಬಗೆ. ಉತ್ತರ ಹತ್ತು.

ಈಗ ಅಂಗಡಿಯವರು ಎಳನೀರು ಐಸ್‌ಕ್ರೀಂ ಹೊಸದಾಗಿ ತಂದರು. ಆರು ಬಗೆಯಲ್ಲಿ ಮೂರು ಎಷ್ಟು ಥರ? ಎಳನೀರು ಬೇಡ ಎನ್ನುವವರು ಹಳೆಯ ಐದರಲ್ಲೇ ಮೂರು ಆರಿಸುತ್ತಾರೆ, ಅದು 10. ಎಳನೀರು ಬೇಕೇ ಬೇಕು ಎನ್ನುವವರಿಗೆ ಒಂದು ಆಗಿಹೋಯಿತು, ಉಳಿದ ಎರಡನ್ನು ಹಳೆಯ ಐದರಲ್ಲಿ ಆರಿಸಬೇಕು, ಅದೂ 10. ಕೂಡಿಸಿದರೆ 20. ಮೇಲಿನ ಎರಡನ್ನು ಕೂಡಿಸಿ ಕೆಳಗೆ ಬರೆಯುವ ನಿಯಮ ಬಂದದ್ದು ಹೀಗೆ. ಇದನ್ನು ಒಮ್ಮೆ ಹೇಳಿದರೆ ಸಾಕು, ಎಂಟನೆಯ ಕ್ಲಾಸಿನ ಮಕ್ಕಳಿಗೂ ಅರ್ಥವಾಗುತ್ತದೆ. ಆಮೇಲೆ "ಮಾಷ್ಟ್ರೇ, ಹಾಗಾದ್ರೆ ಗಡ್‌ಬಡ್ ಕೊಡಿಸ್ತೀರಾ?" ಎಂಬ ಪ್ರಶ್ನೆಯೂ ಬರುತ್ತದೆ. ಅದಕ್ಕೆ ತಯಾರಿರಿ.

ಓರೆಯಾಗಿ ಓದುವುದು

ಅಂಚಿನ 1ಗಳನ್ನು ಬಿಟ್ಟು ಒಳಗಿನ ಓರೆಸಾಲು ಹಿಡಿದು ಇಳಿಯಿರಿ: 1, 2, 3, 4. ಅದರ ಒಳಗಿನದ್ದು 1, 3, 6, 10, 15. ಅದರ ಒಳಗಿನದ್ದು 1, 4, 10, 20, 35. ಕೊನೆಯದ್ದು ಹಣ್ಣಿನ ಅಂಗಡಿಯಲ್ಲಿ ತ್ರಿಕೋನದ ತಳ ಹಾಕಿ ಕಿತ್ತಳೆ ರಾಶಿ ಮಾಡಿದರೆ ಬೇಕಾಗುವ ಹಣ್ಣುಗಳ ಲೆಕ್ಕ. ಮೇಲೆ ಒಂದು, ಅದರ ಕೆಳಗೆ ಮೂರು, ಅದರ ಕೆಳಗೆ ಆರು.

ಇಲ್ಲಿ ಒಂದು ಆಟ ಆಡಿ. ಯಾವುದಾದರೂ ಅಂಚಿನ 1ರಿಂದ ಓರೆಯಾಗಿ ಒಳಕ್ಕೆ ಇಳಿಯುತ್ತಾ ಕೂಡಿಸಿ, ಎಲ್ಲಿ ಬೇಕಾದರೂ ನಿಲ್ಲಿ. 1, 3, 6, 10 ಎಂದು ನಿಂತಿರಾ? ಮೊತ್ತ 20. ಈಗ ದಿಕ್ಕು ಬದಲಿಸಿ ಒಂದು ಹೆಜ್ಜೆ ಕೆಳಗಿಡಿ. ಅಲ್ಲಿ 20 ಕೂತಿದೆ. ಗುರುತು ಮಾಡಿದರೆ ಹಾಕಿ ಆಟದ ಕೋಲಿನ ಆಕಾರ ಬರುವುದರಿಂದ ಅದೇ ಹೆಸರು ಇದಕ್ಕೆ.

ಯಾಕೆ ಹಾಗೆ? ಕ್ಲಾಸಿನಲ್ಲಿ ರೋಲ್ ನಂಬರ್ 1ರಿಂದ 6ರವರೆಗಿನ ಮಕ್ಕಳಿದ್ದಾರೆ. ರಸಪ್ರಶ್ನೆಗೆ ಮೂವರ ತಂಡ ಮಾಡಬೇಕು. ತಂಡದ ಅತಿ ದೊಡ್ಡ ರೋಲ್ ನಂಬರ್ 3 ಆದರೆ ಉಳಿದವರು 1, 2 ಮಾತ್ರ, ಒಂದೇ ತಂಡ. ದೊಡ್ಡದು 4 ಆದರೆ ಕೆಳಗಿನ ಮೂವರಲ್ಲಿ ಇಬ್ಬರು, ಮೂರು ತಂಡ. 5 ಆದರೆ ಆರು, 6 ಆದರೆ ಹತ್ತು. ಎಲ್ಲ ಸೇರಿದರೆ ಆರು ಮಕ್ಕಳಲ್ಲಿ ಮೂವರನ್ನು ಆರಿಸುವ ಪೂರ್ತಿ ಲೆಕ್ಕ, ಅಂದರೆ 20.

ಮಾತ್ರೆಯ ಓರೆಸಾಲು

ಇದು ನನ್ನ ಮೆಚ್ಚಿನ ಭಾಗ, ಸ್ವಲ್ಪ ನಿಧಾನಕ್ಕೆ ಓದಿ.

ನಾಲ್ಕನೆಯ ಸಾಲಿನ ಎಡ ಅಂಚಿನ 1ಕ್ಕೆ ಬೆರಳಿಡಿ. ಅಲ್ಲಿಂದ ಬಲಕ್ಕೆ ಮೂರು ಚೌಕ, ಮೇಲಕ್ಕೆ ಒಂದು ಹೋಗಿ. 3 ಸಿಗುತ್ತದೆ. ಮತ್ತೆ ಬಲಕ್ಕೆ ಮೂರು, ಮೇಲಕ್ಕೆ ಒಂದು. 1 ಸಿಗುತ್ತದೆ. ಮುಂದೆ ತ್ರಿಕೋನ ಮುಗಿಯಿತು. ಮೊತ್ತ 5. ಐದನೆಯ ಸಾಲಿನಿಂದ ಹೊರಟರೆ 1, 4, 3, ಮೊತ್ತ 8. ಆರನೆಯದರಿಂದ 1, 5, 6, 1, ಮೊತ್ತ 13. ಮೇಲಿಂದ ಬರೆದುಕೊಂಡರೆ 1, 1, 2, 3, 5, 8, 13, 21. ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದ್ದು. ಫಿಬೊನಾಚಿ ಸಂಖ್ಯೆಗಳು.

ಇಟಲಿಯ ಗಣಿತಜ್ಞ ಫಿಬೊನಾಚಿಯ ಪುಸ್ತಕ ಬಂದದ್ದು 1202ರಲ್ಲಿ. ವಿರಹಾಂಕ, ಹನ್ನೆರಡನೆಯ ಶತಮಾನದ ಹೇಮಚಂದ್ರ ಮೊದಲಾದ ನಮ್ಮ ಛಂದಸ್ಸಿನವರು ಅದಕ್ಕೂ ಮೊದಲೇ ಇದನ್ನು ಎಣಿಸಿದ್ದರು. ಮಾತ್ರೆ ಎಂದರೆ ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ. ಲಘು ಒಂದು ಮಾತ್ರೆ, ಗುರು ಎರಡು ಮಾತ್ರೆ. ನಾಲ್ಕು ಮಾತ್ರೆಯ ಗಣ ಎಷ್ಟು ಥರ? ಗುರುವನ್ನು ಗ, ಲಘುವನ್ನು ಲ ಎಂದು ಬರೆಯೋಣ: ಗಗ, ಗಲಲ, ಲಗಲ, ಲಲಗ, ಲಲಲಲ. ಐದು. ಇದನ್ನು ಗುರುವಿನ ಲೆಕ್ಕದಲ್ಲಿ ಬಿಡಿಸಿ. ಗುರು ಇಲ್ಲದ್ದು 1, ಒಂದು ಗುರು ಇರುವುದು 3, ಎರಡು ಗುರು ಇರುವುದು 1. ನಿಮ್ಮ ಬೆರಳು ಈಗಷ್ಟೇ ನಡೆದ ದಾರಿ ಅದೇ ಅಲ್ವಾ? ಒಂದು ಗುರು ಬಂದರೆ ಅಕ್ಷರ ಒಂದು ಕಡಿಮೆಯಾಗುತ್ತದೆ, ಅದಕ್ಕೇ ಒಂದು ಸಾಲು ಮೇಲಕ್ಕೆ ಹತ್ತುವುದು.

ನಮ್ಮ ಕಡೆ ಯಕ್ಷಗಾನ ನೋಡಿದವರಿಗೆ ಭಾಮಿನಿ, ವಾರ್ಧಕ ಎಂಬ ಷಟ್ಪದಿಗಳ ಹೆಸರು ಹೊಸದಲ್ಲ. ವಾರ್ಧಕದ್ದು ಐದೈದು ಮಾತ್ರೆಯ ಗಣ, ಎಂಟು ಥರ. ಭಾಮಿನಿಯದ್ದು ಮೂರು ಮಾತ್ರೆ, ನಾಲ್ಕು ಮಾತ್ರೆ ಎಂದು ಏಳರ ನಡೆ. ಮೂರಕ್ಕೆ ಮೂರು ಥರ, ನಾಲ್ಕಕ್ಕೆ ಐದು ಥರ, ಗುಣಿಸಿದರೆ 15. ಆದರೆ ಏಳನೆಯ ಸಾಲಿನಿಂದ ಓರೆಯಾಗಿ ಹೊರಟರೆ 1, 6, 10, 4, ಮೊತ್ತ 21. ಉಳಿದ ಆರು ಎಲ್ಲಿ ಹೋಯಿತು?

ಇದನ್ನು ಮಕ್ಕಳಿಗೆ ಬಿಡಿ, ಕೂಡಲೇ ಹೇಳಬೇಡಿ. ಮೂರನೆಯ ಮಾತ್ರೆಯೂ ನಾಲ್ಕನೆಯ ಮಾತ್ರೆಯೂ ಒಂದೇ ಗುರುವಿನೊಳಗೆ ಸಿಕ್ಕಿಕೊಂಡರೆ ಗಣ ಕತ್ತರಿಸಲು ಬರುವುದಿಲ್ಲ. ಆ ಗುರುವಿನ ಹಿಂದೆ ಎರಡು ಮಾತ್ರೆ, ಎರಡು ಥರ. ಮುಂದೆ ಮೂರು ಮಾತ್ರೆ, ಮೂರು ಥರ. ಎರಡು ಮೂರಲಿ ಆರು. ತಾಳ ಹಾಕಿ ಹಾಡುವಾಗ ಎಡವುವುದು ಈ ಆರರಲ್ಲೇ. ಮೊದಲು ಲಘು, ಅದರ ಬೆನ್ನಿಗೇ ಗುರು ಬಂದು ಶುರುವಾಗುವ ಗಣಗಳನ್ನೂ ಕನ್ನಡದ ಕವಿಗಳು ಸಾಮಾನ್ಯವಾಗಿ ಬಿಡುತ್ತಾರೆ. ಹಾಗಾಗಿ ಕಾವ್ಯದಲ್ಲಿ ಸಿಗುವುದು 15ಕ್ಕಿಂತಲೂ ಕಡಿಮೆ. ಅದು ಬೇರೆ ಪಾಠ.

ಬಣ್ಣ ಹಾಕುವುದು

ಬಣ್ಣದ ಪೆನ್ಸಿಲ್ ತೆಗೆಯಿರಿ. ಬೆಸ ಸಂಖ್ಯೆ ಇರುವ ಚೌಕಗಳಿಗೆಲ್ಲ ಬಣ್ಣ ಹಾಕಿ. ಸಮ ಸಂಖ್ಯೆ ಖಾಲಿ ಇರಲಿ.

ಸಂಖ್ಯೆ ಬರೆಯದೆಯೂ ಇದನ್ನು ಮಾಡಬಹುದು. ಬೆಸ ಮತ್ತು ಬೆಸ ಕೂಡಿದರೆ ಸಮ. ಸಮ ಮತ್ತು ಸಮ ಕೂಡಿದರೂ ಸಮ. ಒಂದು ಬೆಸ ಒಂದು ಸಮ ಆದರೆ ಮಾತ್ರ ಬೆಸ. ಹಾಗಾಗಿ ಮೇಲಿನ ಎರಡು ಚೌಕ ಒಂದೇ ಥರ ಇದ್ದರೆ ಖಾಲಿ ಬಿಡಿ, ಬೇರೆ ಬೇರೆ ಇದ್ದರೆ ಬಣ್ಣ ಹಾಕಿ. ಕೂಡಿಸಲು ಬಾರದ ಪುಟ್ಟ ಮಕ್ಕಳೂ ಮಾಡುತ್ತಾರೆ. ನಮ್ಮ ಎದುರು ಮನೆಯ ಯುಕೆಜಿ ಹುಡುಗಿ ಅಣ್ಣನಿಗಿಂತ ಬೇಗ ಮುಗಿಸಿದ್ದಳು. ಅವನು ಪ್ರತಿ ಸಂಖ್ಯೆ ನೋಡಿ ಯೋಚನೆ ಮಾಡುತ್ತಾ ಕೂತಿದ್ದ.

ಮುಗಿಸಿ ಹಾಳೆಯನ್ನು ಸ್ವಲ್ಪ ದೂರ ಹಿಡಿದು ನೋಡಿ. ದೊಡ್ಡ ತ್ರಿಕೋನದೊಳಗೆ ತಲೆಕೆಳಗಾದ ಖಾಲಿ ತ್ರಿಕೋನ, ಅದರ ಸುತ್ತ ಮೂರು ಬಣ್ಣದ ತ್ರಿಕೋನ, ಒಂದೊಂದರ ಒಳಗೂ ಮತ್ತೆ ಅದೇ ಕತೆ. ಪೋಲೆಂಡಿನ ಸಿಯೆರ್ಪಿನ್‌ಸ್ಕಿ 1915ರಲ್ಲಿ ವರ್ಣಿಸಿದ ಆಕೃತಿ ಇದೇ.

ಹೀಗೆ ಆಗುವುದನ್ನು ಹತ್ತಿರದಿಂದ ನೋಡಬೇಕಾದರೆ ಮೂರು ಮತ್ತು ನಾಲ್ಕನೆಯ ಸಾಲಿಗೆ ಬನ್ನಿ. ಮೂರನೆಯ ಸಾಲು 1 3 3 1, ಪೂರ್ತಿ ಬಣ್ಣ. ಪಕ್ಕಪಕ್ಕದ್ದು ಎಲ್ಲ ಒಂದೇ ಥರ, ಆದ್ದರಿಂದ ಕೆಳಗಿನ ಸಾಲಿನ ಒಳಗಡೆ ಎಲ್ಲ ಖಾಲಿ. ನಾಲ್ಕನೆಯ ಸಾಲಿನಲ್ಲಿ ಎರಡು ಅಂಚಿನ 1 ಮಾತ್ರ ಉಳಿದವು. ಈಗ ಆ ಎರಡೂ 1ಗಳು ತಮ್ಮಷ್ಟಕ್ಕೆ ಹೊಸ ತ್ರಿಕೋನ ಶುರುಮಾಡುತ್ತವೆ, ಒಂದಕ್ಕೊಂದು ಸಂಬಂಧವಿಲ್ಲ. ಮೇಲಿನ ನಾಲ್ಕು ಸಾಲಿನ ನಕಲು ಎಡಕ್ಕೊಂದು, ಬಲಕ್ಕೊಂದು. ಏಳನೆಯ ಸಾಲಿಗೆ ಬರುವಾಗ ಎರಡೂ ಅಕ್ಕಪಕ್ಕ ತಾಗಿ ಪೂರ್ತಿ ಬಣ್ಣ. ಎಂಟರಲ್ಲಿ ಮತ್ತೆ ಅಂಚು ಮಾತ್ರ. ಹದಿನೈದರಲ್ಲಿ ಪೂರ್ತಿ ಬಣ್ಣ.

ಪ್ರತಿ ಸಲ ಮೂರು ನಕಲು ಆಗುವುದರಿಂದ ಬಣ್ಣದ ಚೌಕಗಳ ಲೆಕ್ಕವೂ ಮೂರು ಪಟ್ಟು. ಮೊದಲ ಎರಡು ಸಾಲಿನಲ್ಲಿ 3, ನಾಲ್ಕು ಸಾಲಿನಲ್ಲಿ 9, ಎಂಟು ಸಾಲಿನಲ್ಲಿ 27, ಹದಿನಾರು ಸಾಲಿನಲ್ಲಿ 81. ನಿಮ್ಮ ಹಾಳೆಯಲ್ಲಿ ಒಟ್ಟು 136 ಸಂಖ್ಯೆಗಳಿವೆ. ಅದರಲ್ಲಿ 81ಕ್ಕೆ ಬಣ್ಣ ಬಿದ್ದಿರಬೇಕು. ಎಣಿಸಿ ನೋಡಿ. 80 ಬಂದರೆ ಎಲ್ಲೋ ಒಂದು ಬಿಟ್ಟಿದ್ದೀರಿ.

ಒಂದು ಸಾಲಿನಲ್ಲಿ ಎಷ್ಟು ಬೆಸ ಎಂದು ನೋಡದೆಯೇ ಹೇಳಬಹುದು. ಸಾಲಿನ ನಂಬರನ್ನು 1, 2, 4, 8 ಇವುಗಳ ಮೊತ್ತವಾಗಿ ಒಡೆಯಿರಿ, ಒಂದನ್ನು ಎರಡು ಸಲ ಬಳಸಬಾರದು. 13 ಎಂದರೆ 8, 4, 1. ಮೂರು ತುಂಡು. 2ನ್ನು ಮೂರು ಸಲ ಗುಣಿಸಿ: 8. ಹದಿಮೂರನೆಯ ಸಾಲಿನಲ್ಲಿ 1, 13, 715, 1287 ಮತ್ತು ಆ ಕಡೆಯ ಅವೇ ನಾಲ್ಕು. ಎಂಟು ಸರಿ. 10 ಎಂದರೆ 8 ಮತ್ತು 2, ಎರಡು ತುಂಡು, ನಾಲ್ಕು ಬೆಸ: 1, 45, 45, 1. ಇದರ ಹಿಂದೆ ಫ್ರಾನ್ಸಿನ ಲ್ಯುಕಾ 1878ರಲ್ಲಿ ಕೊಟ್ಟ ಪ್ರಮೇಯ ಉಂಟು. ಮಕ್ಕಳು ಇದನ್ನು ಮನೆಗೆ ಹೋಗಿ ಅಪ್ಪಂದಿರ ಮೇಲೆ ಪ್ರಯೋಗ ಮಾಡುತ್ತಾರೆ.

ಇನ್ನೊಂದು ಹಾಳೆ ಇದ್ದರೆ 3ರಿಂದ ಭಾಗವಾಗುವವನ್ನು ಖಾಲಿ ಬಿಟ್ಟು ಉಳಿದದ್ದಕ್ಕೆ ಬಣ್ಣ ಹಾಕಿ. ಬೇರೆ ಜಾಲ ಸಿಗುತ್ತದೆ. ಸಾಲಿನ ನಂಬರು ಅವಿಭಾಜ್ಯ ಆದರೆ ಅಂಚು ಬಿಟ್ಟು ಎಲ್ಲವೂ ಅದರಿಂದ ಭಾಗವಾಗುತ್ತವೆ. ಏಳನೆಯ ಸಾಲು: 7, 21, 35.

ಬೇಗ ಮುಗಿಸುವಂಥವು

ಸಾಲುಗಳನ್ನು ಒತ್ತಾಗಿ ಓದಿದರೆ 11, 121, 1331, 14641. ಎಲ್ಲ 11ರ ಘಾತಗಳು. ಎಲ್ಲರೂ ಮೊದಲು ತೋರಿಸುವುದು ಇದನ್ನೇ, ನನಗೆ ಇದರಲ್ಲಿ ದೊಡ್ಡ ಸ್ವಾರಸ್ಯ ಕಾಣುವುದಿಲ್ಲ. ಐದನೆಯ ಸಾಲಿನಲ್ಲಿ 10 ಬಂದಾಗ ದಶಕ ಮುಂದಕ್ಕೆ ಒಯ್ದು 161051 ಮಾಡಬೇಕು. 11 ಎಂದರೆ 10 ಕೂಡಿಸು 1, ಅಷ್ಟೇ ವಿಷಯ.

ಒಂದು ಸಾಲಿನ ಸಂಖ್ಯೆಗಳ ವರ್ಗ ಮಾಡಿ ಕೂಡಿಸಿ. ನಾಲ್ಕನೆಯ ಸಾಲಿಗೆ 1, 16, 36, 16, 1, ಮೊತ್ತ 70. ಅದು ಎಂಟನೆಯ ಸಾಲಿನ ನಟ್ಟನಡುವೆ ಇದೆ. ನಾಲ್ಕು ಹುಡುಗರು ನಾಲ್ಕು ಹುಡುಗಿಯರಲ್ಲಿ ಒಟ್ಟು ನಾಲ್ವರನ್ನು ಆರಿಸುವ ಲೆಕ್ಕ ಎಂದು ಹಿಡಿದರೆ ಕಾರಣ ಹೊಳೆಯುತ್ತದೆ.

ಆಮೇಲೆ ಆರು ಮನೆಯ ಆಟ. ಐದನೆಯ ಸಾಲಿನ ಮೊದಲ 10ನ್ನು ಹಿಡಿಯಿರಿ. ಅದರ ಸುತ್ತ ಆರು ಸಂಖ್ಯೆಗಳು: ಮೇಲೆ 4, 6, ಅಕ್ಕಪಕ್ಕ 5, 10, ಕೆಳಗೆ 15, 20. ಸುತ್ತು ಬರುತ್ತಾ ಒಂದು ಬಿಟ್ಟು ಒಂದು ಗುಣಿಸಿ. 4, 10, 15 ಗುಣಿಸಿದರೆ 600. 6, 20, 5 ಗುಣಿಸಿದರೂ 600. ಒಳಗಿನ ಯಾವ ಸಂಖ್ಯೆ ಹಿಡಿದರೂ ಎರಡು ಗುಣಲಬ್ಧ ಒಂದೇ. ಇಷ್ಟು ಸರಳವಾದದ್ದನ್ನು ಹಾಗೆಟ್ ಮತ್ತು ಹ್ಯಾನ್ಸೆಲ್ ಎಂಬ ಇಬ್ಬರು ಪ್ರಕಟಿಸಿದ್ದು 1971ರಲ್ಲಿ.

3003

ಹಾಳೆಯ ಕೆಳಗಿನ ಎರಡು ಸಾಲು ನೋಡಿ. ಹದಿನಾಲ್ಕನೆಯ ಸಾಲಿನಲ್ಲಿ ಒತ್ತಿಗೊತ್ತಾಗಿ 1001, 2002, 3003. ಒಂದು, ಎರಡು, ಮೂರರ ಮಗ್ಗಿಯ ಹಾಗೆ. ಇಂಥ ಮೂರು ಪಕ್ಕಪಕ್ಕ ಸಿಕ್ಕಿದ್ದರಿಂದ ಒಂದು ಚಮತ್ಕಾರ ಆಗುತ್ತದೆ. 1001 ಮತ್ತು 2002 ಕೂಡಿದಾಗ ಅವುಗಳ ಕೆಳಗೆ, ಹದಿನೈದನೆಯ ಸಾಲಿನಲ್ಲಿ, ಮತ್ತೆ 3003. ಎಡ ಬಲ ಸೇರಿ ಎರಡು ಸಾಲಿನಲ್ಲಿ ನಾಲ್ಕು 3003 ಆದವು.

ಅಷ್ಟಕ್ಕೆ ಮುಗಿಯಲಿಲ್ಲ. 78ನೆಯ ಸಾಲಿನ ಮೂರನೆಯ ಸಂಖ್ಯೆ ಲೆಕ್ಕ ಹಾಕಿ: 78ನ್ನು 77ರಿಂದ ಗುಣಿಸಿ ಅರ್ಧ ಮಾಡಿ. 3003. ಅಲ್ಲೂ ಎರಡು. 3003ನೆಯ ಸಾಲಿನಲ್ಲಿ ಅಂಚಿನ ಪಕ್ಕ ಅದು ಇರಲೇಬೇಕು, ಅಲ್ಲೂ ಎರಡು. ಒಟ್ಟು ಎಂಟು ಸಲ. ಇದಕ್ಕಿಂತ ಜಾಸ್ತಿ ಸಲ ಬರುವ ಸಂಖ್ಯೆ, ಅಂಚಿನ 1 ಬಿಟ್ಟರೆ, ಈವರೆಗೆ ಯಾರಿಗೂ ಸಿಕ್ಕಿಲ್ಲ. ಎಷ್ಟೇ ದೂರ ಹೋದರೂ ಒಂದು ಮಿತಿ ಮೀರಿ ಯಾವ ಸಂಖ್ಯೆಯೂ ಬರುವುದಿಲ್ಲ ಎಂದು ಡೇವಿಡ್ ಸಿಂಗ್‌ಮಾಸ್ಟರ್ 1971ರಲ್ಲಿ ಊಹೆ ಹೇಳಿದರು. ಸಾಧಿಸಿದವರು ಇನ್ನೂ ಇಲ್ಲ.

ನೀವು 120 ಮತ್ತು 210 ಹುಡುಕಿ ನೋಡಿ. ಎರಡೂ ಆರಾರು ಸಲ ಬರುತ್ತವೆ. ಎರಡಕ್ಕೂ ಒಂದೊಂದು ಜೋಡಿ ನಿಮ್ಮ ಹಾಳೆಯ ಹತ್ತನೆಯ ಸಾಲಿನಲ್ಲೇ ಉಂಟು. ಉಳಿದದ್ದಕ್ಕೆ ಹಾಳೆ ಸಾಲದು, ಮಹಾವೀರಾಚಾರ್ಯನ ಗುಣಿಸಿ ಭಾಗಿಸುವ ದಾರಿಯನ್ನೇ ಹಿಡಿಯಬೇಕು.